ದಿಂಬಿನೊಳಗಿನ ನಿಂಬೆಹಣ್ಣು

ನಿಂಬೆಹಣ್ಣಿಗೆ ದಬ್ಬಣ ಚುಚ್ಚಿದವಳು ನಾನೇ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕೈಗೆ ಸಿಕ್ಕ ದಾರದಿಂದ ಕಟ್ಟಿ, ಅತ್ತೆಯ ದಿಂಬಿನ ಗವಸಿನೊಳಗೆ ತೂರಿಸಿದವಳೂ ನಾನೇ. ಕೈಗೆ ಸಿಕ್ಕ ದಾರ ಕೆಂಪಗಿತ್ತು. ಇಷ್ಟು ಕೇಳಿದರೆ ಸಾಕು, ನಮ್ಮ ಕಡೆಯವರು ನನ್ನ ಮನೆಯ ನೀರು ಕುಡಿಯುವುದನ್ನೂ ಬಿಟ್ಟಾರು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಇಂಡಿ ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳ ಮುಂದೆ ನಿಂಬೆಹಣ್ಣು ಕೊಯ್ದು ಕೆಂಪು ರಸ ಬರಿಸಿ, ಇದು ಮಾಟವಲ್ಲ, ಚಾಕುವಿಗೆ ಮೊದಲೇ ಹಚ್ಚಿಟ್ಟ ರಾಸಾಯನಿಕದ ಆಟ ಎಂದು ತೋರಿಸುತ್ತೇನೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಎಂದೂ ಸಾಲೆಯಲ್ಲಿ ನನಗೆ ಹೆಸರಿದೆ.

ನಮ್ಮ ಮನೆಯಲ್ಲಿ ಅತ್ತೆಯರು ಇಬ್ಬರಿದ್ದರು. ಒಬ್ಬರು ನನ್ನ ಗಂಡನ ತಾಯಿ. ಇನ್ನೊಬ್ಬರು ಅವರ ನೆಗೆಣ್ಣಿ, ಅಂದರೆ ಮಾವನ ಅಣ್ಣನ ಹೆಂಡತಿ. ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಗಂಡಂದಿರಿಬ್ಬರೂ ತೀರಿಹೋಗಿ ವರ್ಷಗಳಾಗಿದ್ದವು. ಇವರಿಬ್ಬರೂ ಒಂದೇ ಒಲೆಯ ಮುಂದೆ ನಲವತ್ತು ವರ್ಷ ಕಳೆದವರು. ಉಪ್ಪಿಗೂ ಜಗಳ, ಸೊಪ್ಪಿಗೂ ಜಗಳ. ಆದರೆ ಮಧ್ಯಾಹ್ನ ತೋಟದಿಂದ ನಿಂಬೆಹಣ್ಣಿನ ಚೀಲಗಳು ಬಂದವೆಂದರೆ ಎಲ್ಲ ಮರೆತು ಪಡಸಾಲೆಯಲ್ಲಿ ಎದುರುಬದುರು ಕೂತು ದೊಡ್ಡವು, ಸಣ್ಣವು, ಕಲೆಬಿದ್ದವು ಎಂದು ಬೇರೆ ಬೇರೆ ಮಾಡುತ್ತಿದ್ದರು. ಸಂಜೆ ಸಾಲೆಯಿಂದ ಬಂದರೆ ಮನೆಯೆಲ್ಲ ಹಣ್ಣಿನ ಸಿಪ್ಪೆಯ ವಾಸನೆ. ನನಗೆ ಅದು ತಲೆಗೇರಿ ಕಿಟಕಿ ತೆರೆಯುತ್ತಿದ್ದೆ.

ಹೋದ ಮಳೆಗಾಲದಲ್ಲಿ ದೊಡ್ಡತ್ತೆ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಅತ್ತೆ ಅಷ್ಟಾಗಿ ಅಳಲಿಲ್ಲ. ಆದರೆ ನಿದ್ದೆ ಬಿಟ್ಟರು. ಹಗಲೆಲ್ಲ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು, ಹಾಲು ಉಕ್ಕಿತೇ ಎಂದು ನಾಲ್ಕು ಸಲ ಕೇಳುವುದು, ನಾನು ಎಲ್ಲಿ ಹೋದರೂ ಹಿಂದೆಯೇ ಬಂದು ನಿಲ್ಲುವುದು. ಇನ್ನು ಈ ವಯಸ್ಸಿನಲ್ಲಿ ಏಕೆ ದುಡಿಸುವುದು ಎಂದು ನನ್ನ ಗಂಡ ಹಣ್ಣನ್ನು ತೋಟದಿಂದಲೇ ಮಾರುಕಟ್ಟೆಗೆ ಕಳಿಸತೊಡಗಿದರು. ಅವರಿಗೆ ವಿಶ್ರಾಂತಿ ಕೊಟ್ಟೆವೆಂದು ಇಬ್ಬರೂ ಬೀಗಿದ್ದೆವು.

ಡಾಕ್ಟರು ಇದು ದುಃಖದ ಕೆಲಸ, ಸ್ವಲ್ಪ ದಿನ ಬೇಕು ಎಂದು ಹೇಳಿ ಗುಳಿಗೆ ಕೊಟ್ಟರು. ಮಂಪರು ಬರುತ್ತದೆಂದು ಅತ್ತೆ ಅದನ್ನು ಬಿಟ್ಟರು. ಆಗ ಸ್ಟಾಫ್ ರೂಮಿನ ಗೆಳತಿಯೊಬ್ಬಳು ಲ್ಯಾವೆಂಡರ್ ಎಣ್ಣೆಯ ಸುದ್ದಿ ತೆಗೆದಳು. ದಿಂಬಿಗೆ ಎರಡು ಹನಿ ಹಾಕಿದರೆ ಮನಸ್ಸು ತಣ್ಣಗಾಗುತ್ತದಂತೆ. ಹೆಬ್ಬೆರಳಷ್ಟು ಶೀಶೆ ತರಿಸಿದೆ. ಅತ್ತೆ ಒಮ್ಮೆ ಮೂಸಿ, ದವಾಖಾನೆಯ ನೆಲ ಒರೆಸಿದ ಹಾಗಿದೆ ಎಂದು ಗವಸನ್ನೇ ಕಿತ್ತು ನೀರಿಗೆ ಹಾಕಿದರು. ಬೇಕಾದರೆ ನಿದ್ದೆಗೆಡಲಿ ಎಂದು ನಾನೂ ಎರಡು ದಿನ ಮುಖ ದಪ್ಪ ಮಾಡಿಕೊಂಡು ಓಡಾಡಿದೆ.

ಮೂರನೆಯ ದಿನ ಚಿತ್ರಾನ್ನಕ್ಕೆಂದು ತಂದಿದ್ದ ನಿಂಬೆಹಣ್ಣೊಂದನ್ನು ಅತ್ತೆ ಎತ್ತಿಕೊಂಡು, ಸಿಪ್ಪೆಯನ್ನು ಉಗುರಿನಿಂದ ಕೆರೆದು, ಬೆರಳನ್ನು ಮೂಗಿಗೆ ಹಿಡಿದು ಸುಮ್ಮನೆ ನಿಂತಿದ್ದನ್ನು ಕಂಡೆ. ಎಷ್ಟೋ ಹೊತ್ತು ನಿಂತಿದ್ದರು. ಭುಜ ಇಳಿದಿತ್ತು. ನನ್ನ ತಲೆಯಲ್ಲಿದ್ದ ವಿಜ್ಞಾನ ಶಿಕ್ಷಕಿ ಎದ್ದಳು. ಸುಗಂಧ ತೈಲವೆಂದರೆ ಇನ್ನೇನು? ಸಿಪ್ಪೆಯ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಇರುವುದು ಅದೇ. ಊರ ತುಂಬ ನಿಂಬೆ ಬೆಳೆಯುವಲ್ಲಿ ಕೂತು ಶೀಶೆ ತರಿಸಿದ ನನ್ನ ಬುದ್ಧಿಗೆ ಏನೆನ್ನಬೇಕು. ಪರೀಕ್ಷೆಯ ದಿನಗಳಲ್ಲಿ ನಾನು ಹೆದರಿದರೆ ತವರೂರು ಗೊಳಸಂಗಿಯಲ್ಲಿ ನನ್ನ ಅವ್ವ ಕುಸುಬೆ ಎಣ್ಣೆಗೆ ಅಜವಾನ ಹಾಕಿ ಕಾಯಿಸಿ ಅಂಗಾಲಿಗೆ ತಿಕ್ಕುತ್ತಿದ್ದಳು, ದಿಂಬಿನ ಪಕ್ಕ ದವನದ ಕಡ್ಡಿ ಇಡುತ್ತಿದ್ದಳು. ಸಂತೆಯಲ್ಲಿ ದವನವೂ ಬಂದಿತ್ತು. ಹಣ್ಣಿಗೆ ಏಳೆಂಟು ಕಡೆ ದಬ್ಬಣ ಚುಚ್ಚಿ, ದವನದ ಕಡ್ಡಿ ಜೊತೆಗಿಟ್ಟು ಕಟ್ಟಿದೆ. ಹೇಳಿದರೆ ಶೀಶೆಯ ಗತಿಯೇ ಆಗುತ್ತದೆಂದು ಹೇಳಲಿಲ್ಲ.

ಅತ್ತೆ ಮಲಗಿದರು. ಒಂದು ವಾರ ಬೆಳಗಿನ ಜಾವದವರೆಗೆ ಏಳಲಿಲ್ಲ. ಎಣ್ಣೆಯ ಗುಣವೋ ಏನೋ ಗೊತ್ತಿಲ್ಲ. ವಿಜ್ಞಾನ ಕಲಿಸುವವಳು ಒಬ್ಬರೇ ಒಬ್ಬರ ಮೇಲೆ ಮಾಡಿದ ಪ್ರಯೋಗವನ್ನು ನಂಬಬಾರದು. ಆದರೂ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡೆ.

ಆಮೇಲೆ ಎಲ್ಲ ತಿರುಗುಮುರುಗಾಯಿತು. ಅತ್ತೆ ನಾನು ಬಡಿಸಿದ್ದನ್ನು ಉಣ್ಣದಾದರು. ಹಸಿವಿಲ್ಲ ಎನ್ನುವರು, ತಾವೇ ಒಂದು ರೊಟ್ಟಿ ಸುಟ್ಟುಕೊಳ್ಳುವರು. ನನ್ನ ಹಿಂದೆ ಬರುವುದು ನಿಂತಿತು. ಒಂದು ದಿನ ಸೀರೆಗಳನ್ನು ಮಡಚಿಟ್ಟು, ನಾಲತವಾಡದ ಮಗಳ ಮನೆಗೆ ಹೋಗಿ ಅಲ್ಲೇ ಇರುತ್ತೇನೆ ಎಂದರು. ತಾವು ಮದುವೆಯಾಗಿ ಬಂದಾಗಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟ್ರಂಕಿನ ಕೀಲಿಕೈಯನ್ನು ತೆಗೆದು ನನ್ನ ಮುಂದೆ ಗೋಡೆಯ ಗೂಡಿನಲ್ಲಿಟ್ಟರು. ನನ್ನ ಗಂಡ, ನೀ ಏನು ಅಂದಿ ಎಂಬಂತೆ ನನ್ನ ಮುಖ ನೋಡಿದರು. ಏನೂ ಅಂದಿಲ್ಲವೆಂದು ರೇಗಿದೆ.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಅವರು ಹೋಗುತ್ತಾರೆಂದು ಕೇಳಿದಾಗ ನನಗೆ ಹಗುರವಾಯಿತು. ಇನ್ನು ಯಾರೂ ಹಾಲು ಉಕ್ಕಿತೇ ಎಂದು ಕೇಳುವುದಿಲ್ಲ ಎನಿಸಿತು. ಆ ಆರು ತಿಂಗಳಲ್ಲಿ ಹಾಗೆ ಎಷ್ಟು ಸಲ ಅನಿಸಿತ್ತೋ ಲೆಕ್ಕವಿಲ್ಲ. ನಾಚಿಕೆಯಾಯಿತು, ಆದರೆ ಅದು ಬಂದದ್ದು ಆಮೇಲೆ.

ಹೊರಡುವ ದಿನ ಭಾನುವಾರ. ಸಿಂದಗಿಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಬೇಕು. ಕರೆದೊಯ್ಯಬೇಕಾದ ನನ್ನ ಗಂಡ ತಮ್ಮ ಮೋಟರ್ ರಿಪೇರಿ ಅಂಗಡಿಯ ಬಾಗಿಲು ಹಾಕಿ ಬರುತ್ತೇನೆಂದು ಹೋಗಿದ್ದರು. ಒಗೆಯಲೆಂದು ಅತ್ತೆಯ ದಿಂಬಿನ ಗವಸು ತೆಗೆದು ಒಳಗೆ ಕೈ ಹಾಕಿದೆ. ನಿಂಬೆಹಣ್ಣಿಲ್ಲ. ಹಾಸಿಗೆಯ ಕೆಳಗೆ ತಡಕಿದೆ. ಹಿಂದೆ ಅತ್ತೆ ನಿಂತಿದ್ದರು.

“ಇದನ್ನ ಹುಡುಕಾಕತ್ತಿ ಏನು?” ಅಂದರು. ಎಲೆಅಡಿಕೆಯ ಚೀಲದಿಂದ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದರು. ಬಿಳಿ ಬಟ್ಟೆ ಒಂದು ಕಡೆ ಸರಿದು ಕಾಣುವ ಒಣಗಿ ಕಂದಿದ ಹಣ್ಣು, ತೂತು ತೂತು, ಸುತ್ತ ಕೆಂಪು ದಾರ. ಆಗ ಮೊದಲ ಸಲ ನಾನು ಅದನ್ನು ಅವರ ಕಣ್ಣಿನಿಂದ ನೋಡಿದೆ.

“ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಮಗಗೂ ಹೇಳಿಲ್ಲ, ಮಗಳಿಗೂ ಹೇಳಂಗಿಲ್ಲ. ಹೇಳಿದ್ರ ನಿನ್ನ ಸಂಸಾರ ಹಾಳಾಗ್ತೈತಿ. ನಾ ಹೋಗ್ತೇನಿ. ಇನ್ನ ಏನೂ ಮಾಡಿಸಬ್ಯಾಡ.”

ನನಗೆ ಮೊದಲು ಬಂದದ್ದು ಸಿಟ್ಟೇ. ಹದಿನೈದು ವರ್ಷ ಜೊತೆಗಿದ್ದವಳ ಬಗ್ಗೆ ಹೀಗೆ ತಿಳಿದರಲ್ಲ ಎಂದು. ಅಡುಗೆಮನೆಗೆ ಹೋಗಿ ಒಂದು ಹಣ್ಣು, ದಬ್ಬಣ ತಂದು ಅವರ ಕಣ್ಣೆದುರಿಗೇ ಚುಚ್ಚಿದೆ. ಸಿಪ್ಪೆಯಿಂದ ಸಣ್ಣಗೆ ಚಿಮ್ಮಿತು. ಇದು ಎಣ್ಣೆ, ಶೀಶೆಯಲ್ಲಿ ಮಾರುವುದೂ ಇಂಥದ್ದೇ, ನಿಮಗೆ ನಿದ್ದೆ ಬರಲಿ ಎಂದು ಇಟ್ಟೆ ಎಂದು ತರಗತಿಯಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಹಣ್ಣನ್ನು ಮೂಗಿನ ಹತ್ತಿರ ಹಿಡಿದೆ. ಅತ್ತೆ ಕಣ್ಣು ಮುಚ್ಚಿದರು.

“ಹೇಳದ ಯಾಕ ಇಟ್ಟಿ?”

“ಹೇಳಿದ್ರ ನೀವು ಬ್ಯಾಡ ಅಂತಿದ್ರಿ, ಅತ್ತ್ಯಾರ.”

ಅವರು ಹಾಸಿಗೆಯ ಅಂಚಿಗೆ ಕೂತರು. ಆ ಒಂದು ವಾರ ನೆಗೆಣ್ಣಿ ಪಕ್ಕದಲ್ಲೇ ಮಲಗಿದ್ದಾಳೆ ಅನಿಸುತ್ತಿತ್ತಂತೆ. ಆಕೆಯ ಕೈ ಯಾವಾಗಲೂ ಹೀಗೇ ವಾಸನೆ ಬರುತ್ತಿತ್ತಂತೆ. ಆಮೇಲೆ ಒಂದು ಬೆಳಗ್ಗೆ ದಿಂಬು ಕೊಡವಿದಾಗ ಗಂಟು ಕೆಳಗೆ ಬಿತ್ತು. ಇಷ್ಟು ಹೇಳಿ ತಲೆಯೆತ್ತಿ ನನ್ನನ್ನು ನೇರವಾಗಿ ಕೇಳಿದರು.

“ಒಂದು ಖರೇ ಹೇಳು. ನಾ ಹೋದ್ರ ಛಲೋ ಅಂತ ನಿನಗ ಒಮ್ಮೆರ ಅನಿಸಿಲ್ಲೇನು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಇಲ್ಲ ಎಂದರೆ ಅವರು ನಂಬುತ್ತಿದ್ದರು, ಅಥವಾ ನಂಬಿದ ಹಾಗೆ ಮಾಡಿ ಬಸ್ಸು ಹತ್ತುತ್ತಿದ್ದರು. “ಅನಿಸೇತ್ರಿ” ಅಂದೆ.

ಬೈಯುತ್ತಾರೆಂದು ಕಾದೆ. ಅತ್ತೆ ಒಣಗಿದ ಹಣ್ಣಿನ ದಾರವನ್ನು ಬಿಚ್ಚುತ್ತ ಕೂತರು.

“ನಾ ಮನಸ್ಸಿನ್ಯಾಗ ಅಲ್ಲ, ಬಾಯಿಲೇ ಅಂದೇನಿ ಅಕಿಗಿ. ಹಣ್ಣ ಆರಿಸೂ ಮುಂದ ಜಗಳ ಆತು. ಸಾಯಿ ಅತ್ತಾಗ ಅಂದೆ. ಎಂಟ ದಿನಕ್ಕ ಅಕಿ ಹ್ವಾದ್ಲು. ದಿಂಬಿನ್ಯಾಗ ಈ ಗಂಟ ಸಿಕ್ಕಾಗ, ನಾ ಅಂದದ್ದು ನನಗ ತಿರುಗಿ ಬಂತು ಅಂತ ತಿಳಕೊಂಡೆ.”

ಮಳೆಗಾಲದಿಂದ ಈಚೆಗೆ ಅವರ ನಿದ್ದೆ ಕದ್ದದ್ದು ಇದು. ಇದಕ್ಕೆ ನಾನು ಎರಡು ಹನಿ ಲ್ಯಾವೆಂಡರ್ ಹಾಕಿದ್ದೆ. ಪಕ್ಕದಲ್ಲಿ ಕೂತು ಏನಾದರೂ ಸಮಾಧಾನದ ಮಾತು ಹೇಳಬೇಕಿತ್ತು. ನನ್ನ ಬಾಯಿ ಎಂದೂ ಸಮಯಕ್ಕೆ ಒದಗಿದ್ದಲ್ಲ.

“ಅಂದದ್ದಕ್ಕೆಲ್ಲ ಮಂದಿ ಸಾಯತಿದ್ರ ನೀವು ಯಾವಾಗೋ ಹೋಗಬೇಕಿತ್ರಿ, ಅತ್ತ್ಯಾರ.”

ಹೇಳಿ ನಾಲಿಗೆ ಕಚ್ಚಿಕೊಂಡೆ. ಅತ್ತೆ ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದರು. ಆಮೇಲೆ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಸೆರಗು ಬಾಯಿಗೆ ಹೋಯಿತು, ಆಮೇಲೆ ಅಳು ಬಂತು. ದೊಡ್ಡತ್ತೆ ಹೋದ ದಿನ ಅಳದೆ ಉಳಿದದ್ದೆಲ್ಲ ಅಲ್ಲಿ ಹೊರಬಂತು. ನಾನು ಅವರ ಕೈ ಹಿಡಿದುಕೊಂಡೆ. ನನ್ನ ಬೆರಳೆಲ್ಲ ನಿಂಬೆಯ ವಾಸನೆ.

ಅಷ್ಟರಲ್ಲಿ ಹೊರಗೆ ನನ್ನ ಗಂಡನ ಬೈಕಿನ ಸದ್ದಾಯಿತು. ನಾಲತವಾಡದಲ್ಲಿ ಮಗಳು ಅಡುಗೆ ಮಾಡಿ ಕಾದಿರುತ್ತಾಳೆ, ಹೋಗದಿದ್ದರೆ ಸರಿಯಲ್ಲ ಎಂದು ಅತ್ತೆ ಮುಖ ತೊಳೆದುಕೊಂಡರು. ಎರಡು ಹಣ್ಣು ಚುಚ್ಚಿ ಚೀಲದಲ್ಲಿ ಹಾಕು, ದಾರ ಮಾತ್ರ ಬೇಡ ಎಂದರು. ಯುಗಾದಿ ಮುಗಿದ ಮೇಲೆ ಬರುವ ಹಣ್ಣನ್ನು ಮನೆಗೇ ತರಿಸು, ನಾನೇ ಆರಿಸುತ್ತೇನೆ, ಎದುರಿಗೆ ಕೂರಲು ನಿನಗೆ ಪುರುಸೊತ್ತಿರಬೇಕು ಎಂದೂ ಸೇರಿಸಿದರು. ಹ್ಞೂಂ ಅಂದೆ.

ಹೊಸ್ತಿಲು ದಾಟುವ ಮೊದಲು ನಿಂತು, ಹಿಂದೆ ನೋಡದೆಯೇ ನನ್ನ ಕಡೆ ಕೈ ಚಾಚಿದರು.

“ಗೂಡಿನ್ಯಾಗಿನ ಕೀಲಿಕೈ ಕೊಡ ಇಲ್ಲಿ.”

ಓಡಿಹೋಗಿ ತಂದು ಕೊಟ್ಟೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.