ಪ್ಲಗ್ ಕೂರಿಸಿದ ಭಾನುವಾರ

ಆಗೆಲ್ಲ ನಮ್ಮ ಮನೆಯ ಭಾನುವಾರಕ್ಕೆ ಒಂದು ವಾಸನೆ ಇತ್ತು. ಅಂಗಳದಿಂದ ಪೆಟ್ರೋಲು, ಒಳಗಿನಿಂದ ಅಕ್ಕಿಬೇಳೆ ಅನ್ನದ ಒಗ್ಗರಣೆ. ಎರಡೂ ಬೆರೆತ ಆ ವಾಸನೆಯನ್ನು ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ.

ತಮಿಳು ಸೀಮೆಯ ಕಿಣತ್ತುಕಡವಿನಲ್ಲಿ ನಮ್ಮದು ಗುಂಡಿಮಗ್ಗದ ಮನೆ. ಅಪ್ಪ ಹತ್ತಿ ಸೀರೆ ನೇಯುತ್ತಿದ್ದ, ಅಮ್ಮ ನೂಲು ಸುತ್ತುತ್ತಿದ್ದಳು. ನೇಯ್ದದ್ದನ್ನು ಪೊಳ್ಳಾಚಿಗೆ ಒಯ್ಯಲು ಗೇರಿನ ಹಳೆಯ ಸ್ಕೂಟರು ಇತ್ತು. ಮನೆಯೊಳಗೆ ನಮ್ಮ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ.

ಸ್ಕೂಟರಿಗೆ ಅಪ್ಪನೇ ಮೆಕ್ಯಾನಿಕ್. ಗಾಡಿಯನ್ನು ಡೀಲರ್ ಹತ್ತಿರ ಬಿಟ್ಟು ಬರುವವರನ್ನು ಕಂಡರೆ ಅವನಿಗೆ ನಗು. "ಮಗ್ಗ ಕೆಟ್ರೆ ಯಾವ ಡೀಲರ್ ಬಂದಾನು?" ಎನ್ನುತ್ತಿದ್ದ. ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಪಾಲಕ್ಕಾಡಿನ ಕಡೆಯಿಂದ ಗಾಳಿ ಎದ್ದರೆ ನಮ್ಮೂರಿನ ತೆಂಗಿನಮರಗಳೆಲ್ಲ ಒಂದೇ ಕಡೆ ಬಾಗುತ್ತಿದ್ದವು. ಆ ಗಾಳಿಯ ದೂಳೆಲ್ಲ ಸ್ಕೂಟರಿನ ಹೊಟ್ಟೆಗೇ. ಹಾಗಾಗಿ ಆ ದಿನಗಳಲ್ಲಿ ವಾರ ತಪ್ಪದೆ ಬಿಚ್ಚಿ ತೊಳೆಯುವ ಕೆಲಸ. ತಿರುಪ್ಪೂರಿನಿಂದ ಮೂಟೆಯಲ್ಲಿ ಬರುವ, ಒರೆಸುವ ಬನಿಯನ್ ಬಟ್ಟೆಯ ಚೂರುಗಳನ್ನು ಅಪ್ಪ ಕೈಚಾಚಿದಾಗಲೆಲ್ಲ ಕೊಡುವುದು ನನ್ನ ಪಾಲು. ಎಂಜಿನ್ನಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ಗುಗಳು ಸವೆದ ಮೇಲೆ ನನ್ನ ಬೊಂಬೆಗಳಾಗುತ್ತಿದ್ದವು. ಅವುಗಳ ಬಿಳಿ ಪಿಂಗಾಣಿ ಹೊಟ್ಟೆಗೆ ಮಗ್ಗದ ನೂಲು ಸುತ್ತಿ ಸೀರೆ ಉಡಿಸುತ್ತಿದ್ದೆ.

ಮುದ್ದಿನಿಂದ ನನ್ನನ್ನು ಕಣ್ಣು ಎಂದು ಕರೆಯುತ್ತಿದ್ದ ಅಪ್ಪ ಪ್ಲಗ್ ಹಾಕುವುದನ್ನು ನನಗೆ ಕಲಿಸಿದ್ದ. "ಮೊದ್ಲು ಸ್ಪ್ಯಾನರ್ ಮುಟ್ಬ್ಯಾಡ. ಬೆರಳಲ್ಲಿ ಹಿಂದಕ್ಕೆ ತಿರುಗ್ಸು. ಕಟ್ ಅಂತ ತಿರುಪು ಒಂದು ಕಡೆ ಕೂತ್ಕಂತದೆ. ಆಮೇಲೆ ಮುಂದಕ್ಕೆ. ಬೆರಳಿಗೆ ಗೊತ್ತಾಗೋದು ಸ್ಪ್ಯಾನರಿಗೆ ಗೊತ್ತಾಗಲ್ಲ." ಮಗ್ಗದಲ್ಲೂ ಅವನು ಹಾಗೆಯೇ. ಎಳೆ ಕಡಿದದ್ದನ್ನು ಕಣ್ಣಿಗಿಂತ ಮೊದಲು ಅವನ ಬೆರಳು ಹಿಡಿಯುತ್ತಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದಾಗಿನ ಆ ಭಾನುವಾರವೂ ಹೀಗೇ ಶುರುವಾಯಿತು. ಅಪ್ಪ ಸ್ಕೂಟರನ್ನು ಓರೆಮಾಡಿ, ನೆಟ್ಟಗೆ ನಿಲ್ಲಿಸಿ, ಕಿಕ್ಕರ್ ಒದ್ದ. ಸ್ವಲ್ಪ ಹೊತ್ತು ಎಂಜಿನ್ ಓಡಲು ಬಿಟ್ಟು, ನಿಲ್ಲಿಸಿ, ಪ್ಲಗ್ಗನ್ನು ಸಡಿಲಿಸಿದ. ಸುಡುವ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿಯುವುದು ರೂಢಿ. ನಾನು ಚೂರು ನೀಡುವುದರೊಳಗೆ ಅದನ್ನು ಬರಿಗೈಯಲ್ಲೇ ಎತ್ತಿ ಬೆಳಕಿಗೆ ಹಿಡಿದಿದ್ದ.

"ನೋಡು ಕಣ್ಣು, ತುದಿ ಮಣ್ಣಿನ ಬಣ್ಣಕ್ಕೆ ಬಂದದೆ. ಎಂಜಿನ್ ಸುಖವಾಗಿ ಅದೆ ಅಂತ ಅರ್ಥ. ಕರ್ರಗಿದ್ರೆ ಎಣ್ಣೆ ಜಾಸ್ತಿ. ಹಿಡ್ಕೋ."

ನಾನು ಹಿಡಿದುಕೊಂಡೆ. ಮರುಕ್ಷಣವೇ ಕಿರುಚಿ ಕೆಳಗೆ ಬಿಟ್ಟೆ. ಅಪ್ಪ ಬೆಪ್ಪಾಗಿ ನನ್ನನ್ನು ನೋಡಿದ. ಆಮೇಲೆ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಹೆಬ್ಬೆರಳಿನಲ್ಲೂ ತೋರುಬೆರಳಿನಲ್ಲೂ ಚರ್ಮ ಬೆಳ್ಳಗೆ ಎದ್ದಿತ್ತು. ಅವನು ಅಷ್ಟು ಹೊತ್ತು ಅದನ್ನು ಹಿಡಿದುಕೊಂಡೇ ಮಾತಾಡಿದ್ದ.

"ಅಪ್ಪಾ, ನಿಂಗೆ ಸುಡ್ಲಿಲ್ವಾ?"

ಅವನು ನನ್ನ ಕೈಯನ್ನು ನೀರಿನ ಬಕೆಟ್ಟಿಗೆ ಅದ್ದಿ ಹಿಡಿದ. ಪ್ಲಗ್ ಆರಿದ ಮೇಲೆ ಹಾಕಲು ಹೋದ. ಎರಡು ಸಲ ತಿರುಪು ಓರೆಯಾಗಿ ಕಚ್ಚಿತು. ಅಪ್ಪನಿಗೆ ಹಾಗಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಗೆ, "ನೀನೇ ಹಾಕು" ಎಂದ. ಸುಟ್ಟಿರದ ಎಡಗೈಯಲ್ಲಿ ಹಿಂದಕ್ಕೆ ತಿರುಗಿಸಿದೆ.

"ಕೂತ್ಕಂತಾ, ಕಣ್ಣು?"

"ಕೂತ್ಕಂತು."

ಪ್ರತಿ ಸಲ ಪರೀಕ್ಷೆ ಮಾಡುವಂತೆ ಕೇಳುತ್ತಿದ್ದವನು ಅವತ್ತು ನಿಜವಾಗಿ ಗೊತ್ತಿಲ್ಲದೆ ಕೇಳಿದ್ದ. ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕುತ್ತಾ, "ಅಮ್ಮಂಗೆ ಹೇಳ್ಬ್ಯಾಡ" ಎಂದ. ಬೆರಳಿನ ಅರಿವು ಹೋದ ನೇಕಾರನಿಗೆ ಮಗ್ಗ ಉಳಿಯುವುದಿಲ್ಲ ಎನ್ನುವಷ್ಟು ನನಗೂ ತಿಳಿದಿತ್ತು. ಸೈಲೆನ್ಸರ್ ಮುಟ್ಟಿದೆ ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಅವಳು ಬೈಯುತ್ತಲೇ ಬೆರಳಿಗೆ ಜೇನು ಸವರಿದಳು.

ಮುಂದಿನ ವಾರ ಅಪ್ಪ ಸ್ಕೂಟರನ್ನು ಪೊಳ್ಳಾಚಿಯ ಡೀಲರ್ ಹತ್ತಿರ ಬಿಡುತ್ತೇನೆಂದ. "ಏನುಂಗ, ಜಮೀನ್ದಾರ್ ಆಗ್ಬಿಟ್ರಾ?" ಎಂದು ಅಮ್ಮ ನಕ್ಕಳು. "ಸೊಂಟ ಬಗ್ಗಲ್ಲ ಕಣೆ," ಎಂದು ಅಪ್ಪನೂ ನಕ್ಕ. ಅವಳು ಒಳಗೆ ಹೋದ ಮೇಲೆ ನಾನು ಮೆಲ್ಲಗೆ, "ನಾನೇ ಹಾಕ್ತೀನಿ ಅಪ್ಪಾ, ಡೀಲರ್ ಬ್ಯಾಡ" ಎಂದೆ.

"ನೀನು ಹಾಕಿದ್ರೆ ನಾನ್ಯಾಕೆ ಹಾಕ್ತಿಲ್ಲ ಅಂತ ಅಮ್ಮ ಕೇಳ್ತಾಳೆ."

ಡೀಲರ್ ಅಂಗಡಿಯಲ್ಲಿ ದಪ್ಪ ಗಾಜಿನ ಗೋಡೆ. ಈಚೆ ತಣ್ಣನೆಯ ಕುರ್ಚಿಗಳು, ಆಚೆ ಸಾಲಾಗಿ ಗಾಡಿಗಳು. ಜೊತೆಗೆ ಹೋದ ನನಗೆ ಎಲ್ಲವೂ ಹಬ್ಬದಂತಿತ್ತು. ಮೆಕ್ಯಾನಿಕ್ ಪ್ಲಗ್ಗನ್ನು ನೇರ ಸ್ಪ್ಯಾನರಿಗೆ ಸಿಕ್ಕಿಸಿದ್ದು ಕಂಡು ಅಪ್ಪ ತಡೆಯಲಾರದೆ ಬಾಗಿಲು ತೆರೆದ. ಮೊದಲು ಕೈಯಲ್ಲಿ ಹಾಕು ಎನ್ನಲು, "ತಂಬೀ, ಮೊದಲ್ಲ ಕೈಲ..." ಎಂದು ಬಾಯಿ ತೆಗೆದಿದ್ದನಷ್ಟೆ.

"ಅಣ್ಣಾ, ಉಳ್ಳೆ ವರಕ್ಕೂಡಾದುಂಗ. ಉಕ್ಕಾರುಂಗ, ಟೀ ಸಾಪ್ಪಿಡುಂಗ." ಒಳಗೆ ಬರಬಾರದು, ಕೂತು ಟೀ ಕುಡಿಯಿರಿ ಎಂದು ಅವನು ಮರ್ಯಾದೆಯಿಂದಲೇ ಹೇಳಿದ.

ಅಪ್ಪ ಕೂರಲಿಲ್ಲ, ಟೀ ಕುಡಿಯಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿ ಗಾಜಿನ ಮುಂದೆ ನಿಂತೇ ಇದ್ದ. ಸ್ಕೂಟರು ಚೆನ್ನಾಗಿಯೇ ಓಡಿತು. ನಾನು ಮಾತ್ರ ಮರುದಿನ ಶಾಲೆಯಲ್ಲಿ, ನಮ್ಮ ಗಾಡಿ ಈಗ ಡೀಲರ್ ಹತ್ತಿರ ಹೋಗುತ್ತದೆ ಎಂದು ಜಂಬ ಕೊಚ್ಚಿಕೊಂಡೆ.

ಅಪ್ಪನಿಗೆ ಕೊಟ್ಟ ಮಾತನ್ನು ಎರಡು ವರ್ಷ ಉಳಿಸಿಕೊಂಡೆ. ಉಳಿಸಿಕೊಂಡದ್ದಕ್ಕೆ ಹೆಮ್ಮೆಯೂ ಇತ್ತು. ಆಮೇಲೆ ಅವನ ಕಾಲಿನ ಹುಣ್ಣೊಂದು ಮಾಯದೆ ಹೋಯಿತು. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು. ಕೈಕಾಲಿನ ಜೋಮು ಯಾವಾಗಿನಿಂದ ಎಂದು ಡಾಕ್ಟರು ಕೇಳಿದಾಗ ಅಪ್ಪ ನನ್ನ ಕಡೆ ನೋಡಿದ. "ಎರಡು ವರ್ಷದಿಂದ," ಎಂದು ನಾನೇ ಹೇಳಿದೆ. ಆಗಲೇ ಬಂದಿದ್ದರೆ ಇಷ್ಟು ಮುಂದೆ ಹೋಗುತ್ತಿರಲಿಲ್ಲ ಎಂದರು ಡಾಕ್ಟರು. ಅಮ್ಮ ತಿರುಗಿ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಒಂದು ಕಾಲಿನ ಬೆರಳುಗಳನ್ನು ತೆಗೆದರು. ಹೇಗೋ ಬಹಳ ವರ್ಷ ಬದುಕಿದ. ಅವನು ಹೋಗಿ ಈಗ ಒಂದು ವರ್ಷ. ಮಗ್ಗದ ಗುಂಡಿಯನ್ನು ಮುಚ್ಚಿ ಸಿಮೆಂಟು ಹಾಕಿಸಿದ್ದೇವೆ. ಸ್ಕೂಟರು ಗುಜರಿಗೆ ಹೋಯಿತು. ಆಡಿಯ ಗಾಳಿಗೆ ತೆಂಗಿನಮರಗಳು ಈಗಲೂ ಅದೇ ಕಡೆ ಬಾಗುತ್ತವೆ.

ಈಗ ನನ್ನದೊಂದು ಗೇರಿಲ್ಲದ ಸ್ಕೂಟರಿದೆ. ಅದನ್ನು ಡೀಲರ್ ಹತ್ತಿರವೇ ಬಿಡುತ್ತೇನೆ. ಮನೆ, ಕೆಲಸ ಎಂದು ನನಗೂ ಪುರುಸೊತ್ತಿಲ್ಲ. ಪ್ಲಗ್ಗನ್ನು ಮಾತ್ರ ಆಗಾಗ ನಾನೇ ತೆಗೆದು, ಒರೆಸಿ, ಹಿಂದಕ್ಕೆ ತಿರುಗಿಸಿ ಹಾಕುತ್ತೇನೆ. ಕಟ್ ಎಂದು ಅದು ಕೂರುವುದು ಬೆರಳಿಗೆ ಗೊತ್ತಾಗುತ್ತದೆ. ಕೂತ್ಕಂತಾ ಎಂದು ಕೇಳಲು ಅಪ್ಪ ಇಲ್ಲ.