ಗಮನಕ್ಕನ ಬಂತಾಬೇನೆ

ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ, ಗಾಜಿನ ಕಿಟಕಿಯ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಸಾರುವುದು ಅವಳ ಕೆಲಸ. ಬಾಯಿ ತೆರೆದರೆ ಮೊದಲು ಬರುವ ಮಾತು ‘ಪ್ರಯಾಣಿಕರ ಗಮನಕ್ಕೆ’. ಅದನ್ನು ಕೇಳಿ ಕೇಳಿ ಡ್ರೈವರು ಕಂಡಕ್ಟರುಗಳೆಲ್ಲ ಅವಳನ್ನು ಗಮನಕ್ಕ ಅಂತಲೇ ಕರೆಯುತ್ತಿದ್ದರು. ಜಗಳವಿಲ್ಲದ ದಿನಗಳಲ್ಲಿ ಗಂಡನೂ ಹಾಗೇ ಕರೆಯುತ್ತಿದ್ದ.

ಹಗಲೆಲ್ಲ ಬರೆದುಕೊಟ್ಟದ್ದನ್ನೇ ಒಪ್ಪಿಸುವ ನಾಲಿಗೆಗೆ ಮನೆಗೆ ಬಂದರೆ ಹಗ್ಗ ಬಿಚ್ಚಿದ ಕರುವಿನ ಹುರುಪು. ಇದ್ದ ಪದಕ್ಕೆ ಬಾಲ ಕಟ್ಟುವುದು, ಇಲ್ಲದ ಪದ ಹುಟ್ಟಿಸುವುದು ಅವಳ ಚಟ. ಅದಕ್ಕೆ ಸರಕಿಗೇನೂ ಕೊರತೆ ಇರಲಿಲ್ಲ. ಮನೆಯಲ್ಲಿ ಮೂರು ಜನಕ್ಕೂ ಮೊಬೈಲಿನ ಗೀಳು. ಅತ್ತೆ ಸೋಫಾದಲ್ಲಿ ಕೂತು ಹೆಬ್ಬೆರಳಿನಿಂದ ತೆರೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದರೆ ‘ಏನಿಲ್ಲಮ್ಮ, ಸುಮ್ನೆ’ ಎನ್ನುತ್ತಿದ್ದರು. ಅದಕ್ಕವಳು ‘ತೆರೆಗೆರೆತ’ ಎಂದು ಹೆಸರಿಟ್ಟಳು. ಬೀಗ ರಿಪೇರಿ ಮಾಡುವ ಗಂಡ ಬೆಳಗೆದ್ದು ನೋಡುತ್ತಿದ್ದುದು ತಾನು ಕಾಣದ, ಕೇಳದ ಯಾವುದೋ ಊರಿನ ಹವಾಮಾನ. ಒಂದು ದಿನ ಫೋನು ತಾನಾಗಿಯೇ ಆ ಊರನ್ನು ತೋರಿಸಿತಂತೆ, ಬದಲಾಯಿಸುವುದು ಹೇಗೆಂದು ಇವನಿಗೆ ತಿಳಿಯಲಿಲ್ಲವಂತೆ. ಈಗ ಅಲ್ಲಿ ಮೂರು ದಿನ ಮಳೆ ಹಿಡಿದರೆ ಇಲ್ಲಿ ಇವನ ಮುಖ ಬಾಡುತ್ತಿತ್ತು. ಅದಕ್ಕೆ ‘ಮೋಡದುಸಾಬರಿ’ ಎಂದಳು. ಇನ್ನು, ತರಿಸಿದ ಸಾಮಾನು ಎಲ್ಲಿಗೆ ಬಂತು, ಕಳಿಸಿದ ಮೆಸೇಜಿಗೆ ಉತ್ತರ ಬಂತಾ ಎಂದು ಉಸಿರಿಗೊಮ್ಮೆ ಫೋನು ತೆಗೆದು ನೋಡುವ ಸಂಕಟ ಇದೆಯಲ್ಲ, ಅದು ‘ಬಂತಾಬೇನೆ’. ಒಲೆಯ ಮುಂದೆ ನಿಂತು ಆ ಪದ ಮಾಡಿದ ದಿನ ಅತ್ತೆಯ ಎದುರೇ ಗಂಡ ನಕ್ಕು ನಕ್ಕು ಕೈಲಿದ್ದ ನೀರು ಚೆಲ್ಲಿದ್ದ.

ಅನಾಹುತ ಮಾಡಿದ್ದೂ ಅದೇ ಪದ.

ಆವತ್ತು ಒಂದು ಬಸ್ಸು ತಡವಾಗಿತ್ತು. ಜನ ಒಬ್ಬರಾದ ಮೇಲೊಬ್ಬರು ಕಿಟಕಿಗೆ ಬಂದು, ‘ಮೇಡಂ, ಆ್ಯಪಿನಲ್ಲಿ ಬಸ್ ಬಂದಿದೆ ಅಂತಿದೆ, ಎಲ್ಲಿದೆ?’ ಎಂದು ಫೋನನ್ನು ಗಾಜಿಗೆ ಒತ್ತಿ ತೋರಿಸುತ್ತಿದ್ದರು. ಗಮನಕ್ಕನಿಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿತು. ಪಕ್ಕದ ಟಿಕೆಟ್ ಕೌಂಟರಿನ ಗೆಳತಿ ಬಾಗಿಲಲ್ಲಿ ಇಣುಕಿ, ‘ಏನೇ ಇವತ್ತು ಇಷ್ಟು ಗದ್ದಲ?’ ಎಂದಳು.

‘ಇನ್ನೇನು! ಪ್ಲಾಟ್‌ಫಾರಂ ತುಂಬಾ ಬಂತಾಬೇನೆ ಹಬ್ಬಿದೆ ಕಣೇ. ಒಬ್ಬರನ್ನೂ ಬಿಡೋ ಹಾಗೆ ಕಾಣಲ್ಲ.’

ಹೇಳಿ ಮುಗಿಸುವಷ್ಟರಲ್ಲಿ ತನ್ನದೇ ದನಿ ಹೊರಗಿನ ಗೋಡೆಗಳಿಗೆ ಬಡಿದು ವಾಪಸು ಬಂತು. ಮೈಕು ಆರಿಸಿರಲಿಲ್ಲ.

ಜನ ಮೂಗಿಗೆ ಕರವಸ್ತ್ರ ಹಿಡಿದರು. ಹಿರಿಯರೊಬ್ಬರು ಕುಂಟುತ್ತಾ ಬಂದು, ‘ನಿನ್ನೆಯಿಂದ ಮಂಡಿ ಹಿಡ್ಕೊಂಡಿದೆ ತಾಯಿ, ಇದೂ ಅದೇನಾ?’ ಎಂದರು. ಕಂಕುಳಲ್ಲಿ ಕೂಸಿದ್ದ ಹೆಂಗಸು, ‘ಮಕ್ಕಳಿಗೆ ಅಂಟುತ್ತಾ?’ ಎಂದು ಕೇಳಿದಳು. ತಡವಾದ ಬಸ್ಸು ಅಷ್ಟು ಹೊತ್ತಿಗೆ ಗೇಟಿಗೆ ಬಂದಿತ್ತು. ಸುದ್ದಿ ಕಿವಿಗೆ ಬಿದ್ದ ಡ್ರೈವರು, ನಾನು ಒಳಗೆ ತರಲ್ಲ ಎಂದು ರಸ್ತೆಯಲ್ಲೇ ನಿಲ್ಲಿಸಿದ. ಹಾಗಾಗಿ ಬಸ್ಸು ಬಂದಿದೆ ಎಂದ ಆ್ಯಪೂ ಸುಳ್ಳಾಗಲಿಲ್ಲ, ಬಂದಿಲ್ಲ ಎಂದ ಜನರೂ ಸುಳ್ಳಾಗಲಿಲ್ಲ.

ನಿಲ್ದಾಣದ ಮೇಲ್ವಿಚಾರಕರು ಓಡಿ ಬಂದರು. ‘ಏನಮ್ಮಾ ಇದು ಬೇನೆ? ಯಾವ ಇಲಾಖೆಯಿಂದ ಬಂದ ಮಾಹಿತಿ?’

‘ನಮ್ಮನೆ ಅಡುಗೆಮನೆಯಿಂದ ಸರ್.’

ಅವಳು ಎಲ್ಲ ಬಿಡಿಸಿ ಹೇಳಿದಳು. ಅವರಿಗೆ ಅರ್ಧ ತಿಳಿಯಿತು, ಅರ್ಧ ಇನ್ನಷ್ಟು ಗಂಟಾಯಿತು. ‘ತಮಾಷೆನೋ ಕಾಯಿಲೆನೋ, ಮೊದಲು ಇಲ್ಲ ಅಂತ ಹೇಳಿ’ ಎಂದರು. ಗಮನಕ್ಕ ಗಂಟಲು ಸರಿಮಾಡಿಕೊಂಡು ಸಾರಿದಳು: ‘ಪ್ರಯಾಣಿಕರ ಗಮನಕ್ಕೆ. ಬಂತಾಬೇನೆ ಎಂಬ ಕಾಯಿಲೆ ಇರುವುದಿಲ್ಲ. ಯಾರೂ ಗಾಬರಿಪಡಬಾರದು.’

ಅಲ್ಲಿಯವರೆಗೆ ಗಾಬರಿಪಡದವರೂ ಆಗ ಗಾಬರಿಪಟ್ಟರು. ಇಲ್ಲದಿದ್ದರೆ ಇಲ್ಲ ಅಂತ ಯಾಕೆ ಹೇಳುತ್ತಾರೆ?

ಸಂಜೆ ಮನೆ ಸೇರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಅತ್ತೆ ಫೋನು ಹಿಡಿದು ಎದುರು ಬಂದರು. ‘ನೋಡಮ್ಮ, ಹೊಸ ಕಾಯಿಲೆಯಂತೆ. ಕಣ್ಣುರಿ, ಕತ್ತುನೋವು, ನಿದ್ದೆ ಬರದೇ ಇರೋದು, ನೋಡಿದ್ದನ್ನೇ ನೋಡೋದು. ನನಗೆ ಇದಿಷ್ಟೂ ಇದೆ.’

‘ಅತ್ತೆ, ಅದು ಕಾಯಿಲೆ ಅಲ್ಲ, ನಾನು ಮಾಡಿದ ಪದ! ನೀವೇ ಇದ್ರಲ್ಲ ಆವತ್ತು.’

‘ನೀನು ಮಾಡಿದ್ದು ಬೇರೆ ಇರಬೇಕು. ಇದು ಡಾಕ್ಟರು ಹೇಳಿರೋದು.’

ಗಮನಕ್ಕ ಗಂಡನ ಕಡೆ ನೋಡಿದಳು. ‘ನೀವಾದ್ರೂ ಹೇಳ್ರೀ.’

ಅವನು ಕೈಲಿದ್ದ ಬೀಗವನ್ನು ತಿರುಗಿಸುತ್ತಾ ಯೋಚನೆ ಮಾಡಿದ. ‘ಬಂತಾಬೇನೆ ನೀನು ಹೇಳಿದ್ದಾ? ನಾನು ಹೇಳಿದ್ದು, ನೀನು ನಕ್ಕಿದ್ದು ಅನ್ಕೊಂಡಿದ್ದೆ.’

ಅಲ್ಲಿಂದ ಅವಳ ತಲೆ ಕಲಸಿದ ಹಿಟ್ಟಾಯಿತು. ಪದ ಎಲ್ಲಿಯವರೆಗೆ ಹೋಗಿದೆ, ಯಾರು ಏನೆಂದರು ಎಂದು ಅವಳೇ ಕೂತಲ್ಲಿ ನಿಂತಲ್ಲಿ ಫೋನು ತೆಗೆದು ನೋಡತೊಡಗಿದಳು. ಒಬ್ಬರು, ಇದು ಬಹಳ ಹಳೆಯ ಮಾತು, ಹೆರಿಗೆ ಕೋಣೆಯ ಹೊರಗೆ ಕಾಯುವವರು ‘ನೋವು ಬಂತಾ’ ಎಂದು ಕೇಳುತ್ತಿದ್ದುದರಿಂದ ಹುಟ್ಟಿದ್ದು, ನಮ್ಮಜ್ಜಿ ಬಳಸುತ್ತಿದ್ದರು ಎಂದು ಬರೆದಿದ್ದರು. ಹಾಗಾದರೆ ತಾನೂ ಎಂದೋ ಕೇಳಿ ಮರೆತದ್ದೇ ಇರಬಹುದೇ? ತಾಯಿಗೆ ಫೋನು ಮಾಡಿದಳು. ‘ಇರಬಹುದು ಕಣೇ, ನಿಮ್ಮಜ್ಜಿ ಏನೇನೋ ಅಂತಿದ್ದಳು’ ಎಂದಳು ತಾಯಿ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಸಿಗಲಿಲ್ಲ.

ವಾರ ಕಳೆಯುವುದರೊಳಗೆ ಮೇಲಿನ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಮೇಲ್ವಿಚಾರಕರು ತಂದು ಅವಳ ಮುಂದಿಟ್ಟರು: ಬಂತಾಬೇನೆಯ ಲಕ್ಷಣ ಇರುವವರು ನಿಲ್ದಾಣದ ಸಿಬ್ಬಂದಿಗೆ ತಿಳಿಸತಕ್ಕದ್ದು.

‘ಸರ್, ಇದು ನನ್ನ ಪದ. ನನ್ನದೇ ಅನ್ಸುತ್ತೆ.’

‘ನಿಮ್ಮದೇ ಇರಬಹುದಮ್ಮ. ಈಗ ಆಫೀಸಿನದು. ಓದಿ.’

ಓದಿದಳು. ಅಡುಗೆಮನೆಯಲ್ಲಿ ನಗುತ್ತಾ ಓಡಾಡಿಕೊಂಡಿದ್ದ ಪದ, ಇಸ್ತ್ರಿ ಹಾಕಿದ ಅಂಗಿ ತೊಟ್ಟವರ ಹಾಗೆ ಮೈಕಿನಿಂದ ಗಂಭೀರವಾಗಿ ಹೊರಗೆ ಹೋಯಿತು. ನಗಬೇಕೋ ಅಳಬೇಕೋ ಅವಳಿಗೆ ತೋಚಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ವಾರಿಗೆಯ ಹೆಂಗಸೊಬ್ಬಳು, ಚೀಲ ಎದೆಗವಚಿಕೊಂಡು ಬಾಗಿಲಿಗೆ ಬಂದಳು. ‘ಸಿಬ್ಬಂದಿಗೆ ತಿಳಿಸಿ ಅಂದ್ರಲ್ಲ. ನನಗಿದೆ.’

ತಿಳಿಸಿದ ಮೇಲೆ ಏನು ಮಾಡಬೇಕೆಂದು ಸುತ್ತೋಲೆಯಲ್ಲಿ ಇರಲಿಲ್ಲ. ಗಮನಕ್ಕ ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟಳು. ಹೆಂಗಸು ನೀರು ಕುಡಿಯುವ ನಡುವೆಯೂ ಫೋನು ತೆಗೆದು ನೋಡಿ ಒಳಗಿಟ್ಟಳು. ಅವಳಿಗೂ ಅವಳ ಅಕ್ಕನಿಗೂ ಯಾವುದೋ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಮುಖ ನೋಡುವುದೇ ನಿಂತಿತ್ತಂತೆ. ಮೊನ್ನೆ ತಾನಾಗಿ ‘ಹೇಗಿದೀಯಾ’ ಎಂದು ಕಳಿಸಿದಳಂತೆ. ಅಕ್ಕ ಓದಿದ್ದಾಳೆ, ಉತ್ತರವಿಲ್ಲ. ‘ಆನ್‌ಲೈನ್ ಅಂತ ತೋರಿಸುತ್ತೆ. ಆಮೇಲೆ ಹೋಗ್ಬಿಡುತ್ತೆ. ಅದನ್ನೇ ನೋಡ್ತಾ ಕೂತಿರ್ತೀನಿ.’

‘ಫೋನೇ ಮಾಡಿಬಿಡಿ’ ಎಂದಳು ಗಮನಕ್ಕ.

‘ಮಾಡಿದ್ರೆ, ಎತ್ತಿಬಿಟ್ರೆ?’

ಇದಕ್ಕೆ ಯಾವ ಪದವೂ ಗಮನಕ್ಕನ ಬಾಯಿಗೆ ಬರಲಿಲ್ಲ. ಸುಮ್ಮನೆ ಕೈ ಚಾಚಿದಳು. ಹೆಂಗಸು ಅವಳ ಕೈಗೆ ಫೋನು ಕೊಟ್ಟಳು, ಮತ್ತೆ ಕಸಿದುಕೊಂಡು ತಾನೇ ಕರೆ ಮಾಡಿದಳು.

ಅತ್ತ ಕಡೆಯ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಿತ್ತು. ‘ಏನೇ? ಏನಾಯ್ತು?’

ಹೆಂಗಸು ತಬ್ಬಿಬ್ಬಾದಳು. ಹೇಳಬೇಕೆಂದಿದ್ದೆಲ್ಲ ಮರೆತು, ‘ಏನಿಲ್ಲಕ್ಕ, ಬಸ್‌ಸ್ಟ್ಯಾಂಡಲ್ಲಿದೀನಿ. ಇಲ್ಲೇನೋ ಕಾಯಿಲೆಯಂತೆ’ ಎಂದಳು.

‘ಕಾಯಿಲೆ ಇರೋ ಜಾಗದಲ್ಲಿ ಯಾಕೆ ಕೂತಿದೀಯೇ ದಡ್ಡಿ! ಎದ್ದು ಇಲ್ಲಿಗೆ ಬಾ. ಈಗಲೇ ಬಾ.’

ಹೆಂಗಸು ಎದ್ದಳು. ಯಾವ ಕಡೆಗೆ ಎಂದು ತಿಳಿಯದೆ ಒಮ್ಮೆ ಗೋಡೆಯ ಕಡೆಗೂ ನಡೆದಳು. ಯಾವ ಊರೆಂದು ಗಮನಕ್ಕ ಕೇಳಿ ತಿಳಿದಳು, ಅಕ್ಕನ ಊರಿನ ಬಸ್ಸು ಅಷ್ಟರಲ್ಲಿ ಹೊರಡುವುದರಲ್ಲಿತ್ತು. ಗಮನಕ್ಕ ಅವಸರದಲ್ಲಿ ಮೈಕು ಒತ್ತಿದಳು. ಕಣ್ಣು ಮಂಜಾಗಿ ಎದುರಿನ ಹಾಳೆ ಕಾಣಲಿಲ್ಲ, ಬೇರೆಯದೇ ಪ್ಲಾಟ್‌ಫಾರಂ ಹೇಳಿಬಿಟ್ಟಳು. ಜನ ಗಂಟುಮೂಟೆ ಎತ್ತಿಕೊಂಡು ಆ ಕಡೆ ಓಡಿದರು. ತಪ್ಪಾಯಿತೆಂದು ಸರಿಯಾದುದನ್ನು ಹೇಳಿದಳು. ಬೈಯುತ್ತಾ ಈ ಕಡೆ ಓಡಿ ಬಂದರು. ಆ ನೂಕುನುಗ್ಗಲಿನಲ್ಲಿ ಹೆಂಗಸಿಗೆ ಬಸ್ಸು ಸಿಕ್ಕಿತೋ ಇಲ್ಲವೋ ಎಂದು ಗಮನಕ್ಕ ಗಾಜಿಗೆ ಮೂಗೊತ್ತಿ ನೋಡುತ್ತಿದ್ದಳು. ಹೊರಟ ಬಸ್ಸಿನ ಕೊನೆಯ ಕಿಟಕಿಯಲ್ಲಿ ಒಂದು ಕೈ ಬೀಸಿದ್ದು ಕಂಡಿತು.