ಮಗಳ ಕೊರಳಿನ ಗಂಟು

ಮುಟ್ಟಿ ನೋಡಿ ರೋಗ ಹೇಳುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಸಿರುಗುಪ್ಪದಲ್ಲಿ ಮೆಡಿಕಲ್ ಶಾಪ್ ಇಟ್ಟು ಇಪ್ಪತ್ತು ವರ್ಷವಾಯಿತು. ಅರ್ಧ ಡಾಕ್ಟರ್ ಎಂಬ ಜಂಬವೂ ನನಗಿದೆ. ಆದರೂ ಕೆಲವು ವರ್ಷಗಳ ಹಿಂದಿನ ಈ ಒಂದು ಸಂಗತಿಯನ್ನು ಹೇಳದೆ ಇರಲಾರೆ.

ಎಂಟು ವರ್ಷದ ಮಗಳ ಕೊರಳ ನಡುವೆ ಅಡಿಕೆಯಷ್ಟು ಗಂಟು ಕಾಣಿಸಿತ್ತು. ನಾಲಿಗೆ ಹೊರಚಾಚಿದರೆ ಅದು ಮೇಲೇರುತ್ತಿತ್ತು. ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಥೈರಾಯ್ಡ್ ಗ್ರಂಥಿ ನಾಲಿಗೆಯ ಬುಡದಿಂದ ಕೊರಳಿಗೆ ಇಳಿಯುತ್ತದೆ. ಆ ದಾರಿ ಮುಚ್ಚದೆ ಉಳಿದರೆ ಅಲ್ಲಿ ನೀರು ತುಂಬಿ ಗಂಟಾಗುತ್ತದೆ. ಇದು ಅದೇ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಬಳ್ಳಾರಿಯ ಡಾಕ್ಟರೊಬ್ಬರೂ ಮುಟ್ಟಿ ನೋಡಿ ಹೌದೆಂದರು, ಸೋಮವಾರ ಆಪರೇಷನ್ ಎಂದರು. ಸ್ಕ್ಯಾನಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಅತ್ತೆಯ ಹಟಕ್ಕೆ ಮಣಿದು ಕುರುಗೋಡಿಗೆ ಹೋದೆವು. ಅವರ ಓಣಿಯಲ್ಲಿ ಮಾಬೂಬಿ ಎಂಬ ಮುದುಕಿ ಗಂಟುಗಳಿಗೆ ಸುಣ್ಣ ಬೆಲ್ಲ ಕಲಸಿ ಹಚ್ಚುತ್ತಾಳೆ. ಹಚ್ಚುವ ಮೊದಲು ಒಂದು ಗುಟುಕು ನೀರು ಕುಡಿಸಿ, ಗಂಟಿನ ಮೇಲೆ ಬೆರಳಿಟ್ಟು ನೋಡುವುದು ಅವಳ ಪದ್ಧತಿ. ನಾನು ನಗು ತಡೆದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಮಗಳು ನೀರು ನುಂಗಿದಳು. ಮುದುಕಿಯ ಕೈ ಸಟ್ಟನೆ ಹಿಂದೆ ಸರಿಯಿತು.

“ಇದನ್ನ ಮುಟ್ಟಬ್ಯಾಡ್ರಿ. ಈ ಕೂಸಿಗೆ ಇರಾದು ಇದೊಂದೇ,” ಅಂದಳು.

ಸುಣ್ಣ ಹಚ್ಚದೆಯೇ ನಮ್ಮನ್ನು ಕಳಿಸಿಬಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ತಮಾಷೆ ಮಾಡಿದೆ. ಹೆಂಡತಿ ನಗಲಿಲ್ಲ. “ಸ್ಕ್ಯಾನ್ ಮಾಡ್ಸೋತನ ಮಗಳನ್ನ ಆಪರೇಷನ್ನಿಗೆ ಕಳ್ಸಂಗಿಲ್ಲ ನೋಡ್ರಿ,” ಎಂದು ಪಟ್ಟು ಹಿಡಿದಳು. ಅವಳ ಸಮಾಧಾನಕ್ಕೆಂದು ಶನಿವಾರ ಬಳ್ಳಾರಿಯ ಗಾಂಧಿನಗರದಲ್ಲಿ ಸ್ಕ್ಯಾನ್ ಮಾಡಿಸಿದೆ.

ಥೈರಾಯ್ಡ್ ಇರಬೇಕಾದ ಜಾಗ ಖಾಲಿ ಇತ್ತು. ಕೆಳಗಿಳಿಯದೆ ನಡುದಾರಿಯಲ್ಲೇ ನಿಂತುಬಿಟ್ಟ ಗ್ರಂಥಿಯೇ ಆ ಗಂಟು. ಮಗಳಿಗೆ ಇದ್ದದ್ದು ಅದೊಂದೇ. ಸೋಮವಾರ ತೆಗೆಸಿದ್ದರೆ ಅವಳ ಮೈಯಲ್ಲಿ ಥೈರಾಯ್ಡೇ ಉಳಿಯುತ್ತಿರಲಿಲ್ಲ. ಆಪರೇಷನ್ ರದ್ದಾಯಿತು. ಈಗ ದಿನಾ ಬೆಳಿಗ್ಗೆ ಒಂದು ಮಾತ್ರೆ, ಗಂಟೂ ಕುಗ್ಗಿದೆ. ಮಕ್ಕಳ ಕೊರಳಲ್ಲಿ ಆ ಗ್ರಂಥಿ ಇದೆಯೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯುವಂಥದ್ದಲ್ಲ ಎಂದು ಸ್ಕ್ಯಾನ್ ಮಾಡಿದ ಡಾಕ್ಟರೇ ಹೇಳಿದರು.

ಮುಂದಿನ ವಾರ ಮಾಬೂಬಿಯ ಕಾಲು ಮುಟ್ಟಲು ಹೋದೆ. ಅವಳ ಮಾತನ್ನು ನೆನಪಿಸಿದರೆ ನನ್ನ ಮುಖವನ್ನೇ ನೋಡಿದಳು.

“ನಾ ಹಂಗ ಅಂದೇ ಇಲ್ಲಪ್ಪ. ಹಚ್ಚಾಕ ಹೆದರಿಕಿ ಆತು, ಅದಕ್ಕ ಕಳಿಸ್ದೆ.”

ಹೆಂಡತಿ, ಅತ್ತೆ, ನಾನು, ಮೂವರೂ ಕಿವಿಯಾರೆ ಕೇಳಿದ ಮಾತು ಅದು.

“ಯಾಕ ಹೆದರಿಕಿ ಆತಬೇ?” ಎಂದೆ.

“ಅದ ತಿಳಿವಲ್ದು,” ಅಂದಳು.

ನನಗೂ ಇವತ್ತಿನವರೆಗೆ ತಿಳಿದಿಲ್ಲ. ಹೆದರಬೇಕಾಗಿದ್ದವನು ನಾನು, ಆ ದಿನ ನನಗೆ ಒಂದಿಷ್ಟೂ ಹೆದರಿಕೆ ಆಗಿರಲಿಲ್ಲ.